ನಿಯಮ ಮುಕ್ತವಾದರೆ ಮಾರಾಟ ಕುಂದುವುದೇ?



ಆಟದ ನಿಯಮಗಳನ್ನು ಮುಕ್ತ ಪರವಾನಗಿಯಡಿ ಹಂಚಿದರೆ ಪ್ರಕಾಶಕರು ನಷ್ಟಕ್ಕೀಡಾಗುವರೆಂಬ ಆತಂಕವನ್ನು ನಾನು ಒಪ್ಪಲಾರೆ. ಚೌಕಾಬಾರದ ನಿಯಮ ಯಾರ ಸ್ವತ್ತೂ ಅಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಗೀಚಿ, ಹುಣಿಸೆಬೀಜದ ಒಂದು ಮಗ್ಗುಲನ್ನು ಬಿಳುಪಾಗುವಂತೆ ತೇಯ್ದುಕೊಂಡರೆ ಕಾಸಿಲ್ಲದೆ ಆಡಬಹುದು. ಆದರೂ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ರೂಪಿಸುವ ಹಾಸುಗಳನ್ನೂ, ನಮ್ಮ ನೆರೆಯ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಆಟಿಕೆಗಳನ್ನೂ ಜನರು ಹಣ ತೆತ್ತು ಕೊಳ್ಳುತ್ತಿರುವುದು, ಕೈಗೆಲಸದ ಸೊಬಗಿಗಲ್ಲದೆ ಮತ್ತಾವುದಕ್ಕೆ? ಅಮೆರಿಕದ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯು 2023ರ ಜನವರಿಯಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ಮೂಲ ನಿಯಮಾವಳಿಯನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮರುವರ್ಷವೇ ಅದರ ಹೊಸ ಗ್ರಂಥಗಳನ್ನೂ ಮಾರುಕಟ್ಟೆಗೆ ತಂದಿತು. ಅಕ್ಷರವೊಂದನ್ನೇ ಸರಕಾಗಿ ನಂಬಿದ ಸಣ್ಣ ಪ್ರಕಾಶಕರಿಗೆ ಮಾತ್ರ ಈ ಔದಾರ್ಯ ಭಾರವಾದೀತು; ಅಂಥವರು ನಿಯಮವನ್ನು ಮುಕ್ತಗೊಳಿಸಿ, ಚಿತ್ರ–ಕಥನಗಳ ಹಕ್ಕನ್ನು ತಮ್ಮಲ್ಲೇ ಇರಿಸಿಕೊಳ್ಳಲಿ.

— ಓರ್ವ ಓದುಗ, ಬೈರಮಂಗಲ