ಜೀವಾಣುಗಳ ಗುಳಿಗೆಯೂ ಮೈತೂಕವೂ

ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದ ಸ್ಥೂಲಕಾಯನಾದ ತರುಣನೊಬ್ಬನು ಸಂಜೆಯ ಬೋಂಡದ ಹಣವನ್ನುಳಿಸಿ, ಔಷಧದಂಗಡಿಯಿಂದ ಒಂದು ಸೀಸೆ ಗುಳಿಗೆಗಳನ್ನು ಕೊಂಡುತಂದನು. ಅದರಲ್ಲಿರುವುವು ಪ್ರೋಬಯಾಟಿಕ್ ಎನಿಸಿಕೊಂಡ ಸಜೀವ ಜೀವಾಣುಗಳು. ಅವು ಕರುಳನ್ನು ಸೇರಿ ಮೈತೂಕವನ್ನಿಳಿಸುವುವೆಂದು ಅವನ ನಂಬಿಕೆ. ಭೌತಶಾಸ್ತ್ರದವರಿಗೆ ಕರುಳಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ತೂಕದ ಮಾತು ಬಂದ ಮೇಲೆ ತಕ್ಕಡಿ ಹಿಡಿಯುವ ಹಕ್ಕು ನಮಗೂ ಉಂಟು.

ಈ ನಂಬಿಕೆಗೆ ಆಧಾರವೇ ಇಲ್ಲವೆನ್ನಲಾಗದು. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಕೊಬ್ಬಿದ ಇಲಿಗಳ ಕರುಳಿನ ಜೀವಾಣುಗಳನ್ನು ಜೀವಾಣುರಹಿತವಾಗಿ ಬೆಳೆಸಿದ ಇಲಿಗಳಿಗೆ ಸೇರಿಸಿದರು. ತೆಳ್ಳನೆಯ ಇಲಿಗಳ ಜೀವಾಣುಗಳನ್ನು ಪಡೆದವುಗಳಿಗಿಂತ ಇವುಗಳಲ್ಲಿ ಹೆಚ್ಚು ಕೊಬ್ಬು ಕೂಡಿತು. ಆದರೆ ಮನುಷ್ಯನ ಮಾತೇನು? 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 15 ಪ್ರಯೋಗಗಳನ್ನೂ ಅವುಗಳಲ್ಲಿ ಪಾಲ್ಗೊಂಡ 957 ಮಂದಿ ಅಧಿಕ ತೂಕದವರನ್ನೂ ಒಟ್ಟುಗೂಡಿಸಿ ನೋಡಿತು. ಹುಸಿಮದ್ದನ್ನು ಸೇವಿಸಿದವರಿಗಿಂತ ಜೀವಾಣುಗಳನ್ನು ಸೇವಿಸಿದವರ ತೂಕ ಸರಾಸರಿ 0.6 ಕಿಲೊಗ್ರಾಂ ಹೆಚ್ಚಾಗಿ ಇಳಿದಿದ್ದಿತು.

ಈ 0.6 ಕಿಲೊಗ್ರಾಂ ಎಂದರೆ ಎಷ್ಟು? 200 ಮಿಲಿಲೀಟರು ಹಿಡಿಯುವ ಲೋಟದಲ್ಲಿ ಮೂರು ಲೋಟ ನೀರು. ಇಳಿದುದೆಲ್ಲವೂ ಕೊಬ್ಬೇ ಎಂದಿಟ್ಟುಕೊಳ್ಳೋಣ. ದೇಹದ ಒಂದು ಕಿಲೊಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿ ಅಡಗಿದೆ, 0.6ರಲ್ಲಿ ಸುಮಾರು 4,600. ಆ ಪ್ರಯೋಗಗಳು ನಡೆದುದು 3ರಿಂದ 12 ವಾರ. 12 ವಾರಗಳಿಗೆ ಹಂಚಿದರೆ ದಿನಕ್ಕೆ 55 ಕಿಲೊಕ್ಯಾಲೊರಿ, ಅಂದರೆ ಹೆಚ್ಚುಕಡಮೆ ಒಂದು ಇಡ್ಲಿ! ಊಟ, ನೀರು, ಬೆವರುಗಳಿಂದಲೇ ನಮ್ಮ ತೂಕ ಒಂದು ದಿನದಲ್ಲಿ ಇದಕ್ಕಿಂತ ಹೆಚ್ಚಾಗಿ ಏರಿಳಿಯಬಲ್ಲದು. ನೂರಾರು ಮಂದಿಯ ಸರಾಸರಿಯಲ್ಲಿ ಕಾಣುವ ವ್ಯತ್ಯಾಸವು ಒಬ್ಬನ ತಕ್ಕಡಿಯಲ್ಲಿ ಕಾಣಲಾರದು. ವರ್ನಿಯರ್ ಹಿಡಿದು ದೋಷಪ್ರಮಾಣವನ್ನು ಬರೆಯುವ ವಿದ್ಯಾರ್ಥಿ, ಔಷಧದಂಗಡಿಯಲ್ಲಿ ಮಾತ್ರ ಅದನ್ನೇಕೆ ಕೇಳಬಾರದು?

ಇನ್ನೊಂದು ತೊಡಕು ತಳಿಯದು. 2010ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಗ್ಯಾಸೆರಿಯ ಒಂದು ತಳಿಯುಳ್ಳ ಹುಳಿಹಾಲನ್ನು 12 ವಾರ ಕುಡಿದವರ ತೂಕ ಶೇಕಡ 1.4ರಷ್ಟು ಇಳಿದಿತ್ತು. ಆ ಫಲ ಆ ತಳಿಗೆ ಸಂಬಂಧಿಸಿದ್ದು. ಸೀಸೆಯ ಮೇಲೆ ಪ್ರೋಬಯಾಟಿಕ್ ಎಂದಿದ್ದ ಮಾತ್ರಕ್ಕೆ ಒಳಗಿರುವ ಬೇರೆ ಜೀವಾಣುವಿಗೆ ಆ ಕೀರ್ತಿ ಸಲ್ಲದು. ಮನೆಯ ಮೊಸರನ್ನು ಹೊಗಳುವವರಿಗೂ ಇದೇ ಮಾತು. ಮೊಸರನ್ನು ರುಚಿಗಾಗಿ ಉಣ್ಣೋಣ.

ಆ ತರುಣನ ತೂಕ ತುಸು ಇಳಿದಿದೆಯಂತೆ. ಸಂತೋಷವೇ. ಆದರೆ ತಿಂಗಳೆಲ್ಲ ಬೋಂಡವನ್ನು ಬಿಟ್ಟವನೂ ಗುಳಿಗೆಯನ್ನು ನುಂಗಿದವನೂ ಅವನೊಬ್ಬನೇ. ಹೋಲಿಕೆಗೆ, ಬೋಂಡವನ್ನು ಮಾತ್ರ ಬಿಟ್ಟ ಇನ್ನೊಬ್ಬನು ಬೇಕಲ್ಲವೆ ಎಂದೆವು. ಅವನು ಸೀಸೆಯ ಮೇಲಿನ ಬೆಲೆಯನ್ನೊಮ್ಮೆ ನೋಡಿ ಸುಮ್ಮನಾದನು.