ದಪ್ಪ ಟಯರ್ ಹಾಕ್ಸಿ, ಗಾಳಿ ಕಮ್ಮಿ ಹೊಡೆಸಿ

(1/4)

ಆಫೀಸಿಗೆ ಸೈಕಲ್‌ನಲ್ಲೇ ಹೋಗ್ತೀನಿ ಅನ್ನೋ ಹುಮ್ಮಸ್ಸಲ್ಲಿ ಹೈಬ್ರಿಡ್ ಕೊಂಡು, ಮೂರೇ ತಿಂಗಳಿಗೆ ಅದನ್ನ ಬಾಲ್ಕನಿಯಲ್ಲಿ ಟವೆಲ್ ಒಣಗಿಸೋ ಸ್ಟ್ಯಾಂಡ್ ಮಾಡ್ಕೊಂಡವರು ಬೆಂಗಳೂರಲ್ಲಿ ಬೇಕಾದಷ್ಟು ಜನ ಸಿಗ್ತಾರೆ. ಯಾಕೆ ಬಿಟ್ರಿ ಅಂತ ಕೇಳಿ. ಮೊದಲು ಟ್ರಾಫಿಕ್ ಅಂತಾರೆ. ಇನ್ನೂ ಸ್ವಲ್ಪ ಕೆದಕಿದ್ರೆ ಬೇರೆ ಕಾರಣ ಬರುತ್ತೆ: ಮಣಿಕಟ್ಟು ನೋವು, ಸೊಂಟ ಹಿಡ್ಕೊಳ್ಳೋದು, ಪದೇ ಪದೇ ಪಂಕ್ಚರ್, ಮಳೆಯಲ್ಲಿ ಒಂದ್ಸಲ ಜಾರಿ ಬಿದ್ದ ಹೆದರಿಕೆ.

ಈ ನಾಲ್ಕರಲ್ಲೂ ಟಯರಿನ ಪಾಲಿದೆ. ಹಾಗಿದ್ರೂ ಸೈಕಲ್ ಕೊಳ್ಳುವಾಗ ನಾವು ಗೇರ್ ಎಷ್ಟು ಅಂತ ಕೇಳ್ತೀವಿ, ಡಿಸ್ಕ್ ಬ್ರೇಕ್ ಇದೆಯಾ ಅಂತ ಕೇಳ್ತೀವಿ. ಟಯರ್ ಎಷ್ಟು ಅಗಲ ಅಂತ ಕೇಳೋರು ಕಡಿಮೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ನಮ್ಮ ಊರಿನ ರಸ್ತೆಯಲ್ಲಿ ದಿನಾ ಓಡಾಡೋರಿಗೆ 28 ಮಿ.ಮೀ. ಟಯರ್ ಸರಿಯಲ್ಲ. ಸೈಕಲ್‌ನಲ್ಲಿ ಜಾಗ ಇದ್ರೆ 40ರಿಂದ 50 ಮಿ.ಮೀ. ಹಾಕ್ಸಿ. ಆದ್ರೆ ಅಗಲ ಅರ್ಧ ಕೆಲಸ ಅಷ್ಟೇ. ಇನ್ನರ್ಧ ಕೆಲಸ, ಅದರೊಳಗೆ ಗಾಳಿ ಕಮ್ಮಿ ಇಡೋದು. ದಪ್ಪ ಟಯರನ್ನ ಕಲ್ಲಿನ ಹಾಗೆ ಗಟ್ಟಿ ಮಾಡಿ ಓಡಿಸೋದಾದ್ರೆ ದುಡ್ಡು ಖರ್ಚು ಮಾಡೋದೇ ಬೇಡ.

(2/4)

"ದಪ್ಪ ಟಯರ್ ಅಂದ್ರೆ ನಿಧಾನ ಅಲ್ವಾ?" ಇದು ಎಲ್ಲರೂ ಕೇಳೋ ಪ್ರಶ್ನೆ.

ನುಣ್ಣಗಿನ ನೆಲದ ಮೇಲೆ ಗಟ್ಟಿ ಟಯರ್ ಚೆನ್ನಾಗೇ ಉರುಳುತ್ತೆ. ನಮ್ಮ ರಸ್ತೆ ಹಾಗಿಲ್ಲ. ಅಗೆದು ಮುಚ್ಚಿದ ಕೇಬಲ್ ಗುಂಡಿ, ತಗ್ಗಿನಲ್ಲಿ ಕೂತ ಮ್ಯಾನ್‌ಹೋಲ್, ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟಿನ ಜಾಯಿಂಟು, ಪೇಪರಿನವರು ಬರೆಯೋ ಹಾಗೆ 'ಅವೈಜ್ಞಾನಿಕ ಹಂಪು'. ಪ್ರತಿ ಪೆಟ್ಟನ್ನೂ ಯಾರಾದ್ರೂ ತಿನ್ನಲೇಬೇಕು. ಟಯರ್ ತಿನ್ನದಿದ್ರೆ ನಿಮ್ಮ ಮೈ ತಿನ್ನುತ್ತೆ. ಗಟ್ಟಿ ಟಯರ್ ಪ್ರತಿ ಉಬ್ಬಿಗೂ ಸೈಕಲನ್ನೂ ನಿಮ್ಮನ್ನೂ ಮೇಲೆತ್ತಿ ಬಿಡುತ್ತೆ. ಹಾಗೆ ಎತ್ತೋಕೆ, ಅಲುಗಾಡಿಸೋಕೆ ಹೋಗೋ ಶಕ್ತಿ ನೀವು ಪೆಡಲ್‌ಗೆ ಕೊಟ್ಟಿದ್ದೇ. ಮೆದು ಟಯರ್ ಆ ಉಬ್ಬನ್ನ ತನ್ನೊಳಗೇ ನುಂಗಿ ಮುಂದೆ ಹೋಗುತ್ತೆ.

ಅಮೆರಿಕದ ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆಯ ಯಾನ್ ಹೈನ ಮತ್ತು ಅವರ ಗೆಳೆಯರು ಹೆದ್ದಾರಿ ಅಂಚಿನ ರಂಬಲ್ ಸ್ಟ್ರಿಪ್ ಮೇಲೆಲ್ಲ ಸೈಕಲ್ ಓಡಿಸಿ ಇದನ್ನ ಅಳೆದು ನೋಡಿದ್ರು. ಸವಾರನ ಮೈ ಅಲುಗಾಡೋದ್ರಲ್ಲೇ ಎಷ್ಟೊಂದು ಶಕ್ತಿ ಹೋಗುತ್ತೆ ಅಂತ ತೋರಿಸಿದ್ರು. ಹಿಂದೆ 23 ಮಿ.ಮೀ. ಟಯರಲ್ಲಿ ಓಡ್ತಿದ್ದ ಟೂರ್ ಡಿ ಫ್ರಾನ್ಸ್ ರೇಸಿನವರೇ ಈಗ 28, 30ಕ್ಕೆ ಬಂದಿದ್ದಾರೆ. ಅದೂ ಅವರ ನುಣುಪು ರಸ್ತೆಯಲ್ಲಿ.

ಇದು ಹೊಸ ಫ್ಯಾಶನ್ ಅಂತ ಅಂದ್ಕೋಬೇಡಿ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗ್ತಿದ್ದ ಕರಿ ಸೈಕಲ್ ನೆನಪಿದೆಯಾ? ಅದರ ಟಯರ್ 28 × 1½, ಅಂದ್ರೆ ಹತ್ತಿರ ಹತ್ತಿರ 40 ಮಿ.ಮೀ. ಅಗಲ. ಮಣ್ಣು, ಜಲ್ಲಿ, ಡಾಂಬರು ಎಲ್ಲದರ ಮೇಲೂ ಹೇರು ಹೊತ್ತು ಓಡಿದ್ದು ಅದೇ. ಗೇರ್ ಸೈಕಲ್ ಬಂದ ಮೇಲೆ ತೆಳು ಟಯರ್ ಅಂದ್ರೆ ಸ್ಪೀಡು ಅಂತ ನಮ್ಮ ತಲೆಗೆ ಹೊಕ್ಕಿದ್ದು.

(3/4)

ಸರಿ, ಆರಿಸೋದು ಹೇಗೆ?

ಮೊದಲು ಟಯರ್ ಪಕ್ಕೆಯ ಮೇಲಿನ ಚಿಕ್ಕ ನಂಬರ್ ಓದಿ. 28-622 ಅಂತಿದ್ರೆ 28 ಅಗಲ, 622 ರಿಮ್ ಅಳತೆ, ಎರಡೂ ಮಿ.ಮೀ. ಲೆಕ್ಕ. ಎರಡನೇ ನಂಬರ್ ಬದಲಾಗೋ ಹಾಗಿಲ್ಲ. 700ಸಿ, 29 ಇಂಚು ಎರಡೂ 622. 27.5 ಇಂಚಿನದು 584. ಎಂಟಿಬಿಗಳ ಹಳೇ 26 ಇಂಚಿನದು 559. ಅಂಗಡಿಯಲ್ಲಿ ಇಂಚಿನ ಲೆಕ್ಕ ಹೇಳಿ ಗೊಂದಲ ಮಾಡ್ಕೊಳ್ಳೋ ಬದಲು ಈ ನಂಬರಿನ ಫೋಟೋ ತೋರಿಸಿ.

ಆಮೇಲೆ ಜಾಗ. ಮುಂದಿನ ಫೋರ್ಕಿನ ಒಳಗೆ, ಹಿಂದೆ ಚೈನ್ ಪಕ್ಕದ ಪೈಪುಗಳ ನಡುವೆ, ಮಡ್‌ಗಾರ್ಡ್ ಕೆಳಗೆ ಅಳೆಯಿರಿ. ಹೊಸ ಟಯರ್ ಕೂತ ಮೇಲೆ ಎಲ್ಲಾ ಕಡೆ ಕನಿಷ್ಠ 5 ಮಿ.ಮೀ. ಖಾಲಿ ಉಳಿಯಬೇಕು. ಗಾಳಿ ತುಂಬಿಸಿ ಒಂದೆರಡು ದಿನ ಆದ್ಮೇಲೆ ಟಯರ್ ಇನ್ನೊಂಚೂರು ಅಗಲ ಆಗೋದುಂಟು, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ರೋಡ್ ಬೈಕಿನ ಹಳೇ ಕ್ಯಾಲಿಪರ್ ಬ್ರೇಕ್ ಇದ್ರೆ 28ರ ಆಸುಪಾಸಿಗೇ ನಿಲ್ಲಬೇಕಾಗುತ್ತೆ. ವಿ-ಬ್ರೇಕು, ಡಿಸ್ಕ್ ಇರೋರಿಗೆ ಈ ಕಷ್ಟ ಕಡಿಮೆ.

ಇನ್ನು ಗುಬಟು ಗುಬಟಾದ ಎಂಟಿಬಿ ಟಯರ್. ನೋಡೋಕೆ ಗತ್ತು, ಒಪ್ತೀನಿ. ಆದ್ರೆ ಡಾಂಬರಿನ ಮೇಲೆ ಅದು ಗುಂಯ್ ಅಂತ ಸದ್ದು ಮಾಡಿ ಶಕ್ತಿ ತಿನ್ನುತ್ತೆ. "ಮಳೆಗೆ ಗ್ರಿಪ್ ಬೇಕಲ್ವಾ?" ಕಾರಿನ ಟಯರ್ ನೀರಿನ ಮೇಲೆ ತೇಲಿ ಜಾರಬಹುದು. ಸೈಕಲ್ ಟಯರ್ ಕಿರಿದು, ವೇಗವೂ ಕಮ್ಮಿ, ಹಾಗೆ ತೇಲೋದಿಲ್ಲ. ಒದ್ದೆ ಡಾಂಬರನ್ನ ಹಿಡಿಯೋದು ರಬ್ಬರು, ಗುಬಟಲ್ಲ. ಕೆಸರಿನ ದಾರಿಯಲ್ಲೇ ದಿನಾ ಹೋಗೋರು ಮಾತ್ರ ಗುಬಟಿನದು ತಗೊಳ್ಳಿ. ಉಳಿದವರಿಗೆ ಸಣ್ಣ ಗೆರೆಗಳಿರೋ ನುಣುಪು ಟಯರ್ ಸಾಕು.

ಕೊನೆಗೆ, ಪಕ್ಕೆಯನ್ನ ಬೆರಳಲ್ಲಿ ಹಿಸುಕಿ ನೋಡಿ. ಮರದ ಹಲಗೆ ಥರ ಬಿರುಸಾಗಿದ್ರೆ ಎಷ್ಟು ಅಗಲ ಇದ್ರೂ ಅದು ಮೆತ್ತಗೆ ಓಡಲ್ಲ. ಹೊಸ ಅಗಲಕ್ಕೆ ಸರಿಯಾದ ಟ್ಯೂಬೂ ತಗೊಳ್ಳಿ. ಹಳೇ ಟ್ಯೂಬನ್ನೇ ಹಿಗ್ಗಿಸಿ ಹಾಕಿದ್ರೆ ಅದು ತೆಳುವಾಗಿ ಬೇಗ ಹೋಗುತ್ತೆ.

(4/4)

ಈಗ ಪಳಗಿಸೋದು. ಇಲ್ಲೇ ಹೆಚ್ಚಿನವರು ಎಡವೋದು.

ಕೂರಿಸುವಾಗ ಬಾಣದ ಗುರುತು ಚಕ್ರ ತಿರುಗೋ ಕಡೆಗೇ ಇರಲಿ. ರಿಮ್ ಪಕ್ಕದಲ್ಲಿ ಟಯರ್ ಸುತ್ತ ಒಂದು ತೆಳು ಗೆರೆ ಕಾಣುತ್ತೆ. ಅದು ಸುತ್ತಲೂ ರಿಮ್ಮಿಂದ ಒಂದೇ ದೂರದಲ್ಲಿರಬೇಕು. ಎಲ್ಲಾದ್ರೂ ಒಳಗೆ ಹೋಗಿದ್ರೆ ಗಾಳಿ ಇಳಿಸಿ, ಸೋಪಿನ ನೀರು ಸವರಿ, ಮತ್ತೆ ತುಂಬಿಸಿ. ಇಲ್ಲಾಂದ್ರೆ ಚಕ್ರ ಪ್ರತಿ ಸುತ್ತಿಗೂ ಕುಂಟುತ್ತೆ. ಹೊಸ ರಬ್ಬರ್ ಮೇಲ್ಮೈ ನುಣುಪಾಗಿರುತ್ತೆ. ಮೊದಲ 50 ಕಿ.ಮೀ. ತಿರುವಿನಲ್ಲಿ ಜಾಸ್ತಿ ಓರೆ ಮಾಡ್ಬೇಡಿ, ಮಳೆಯಲ್ಲಂತೂ ಬೇಡವೇ ಬೇಡ.

ಗಾಳಿ ವಿಷಯ. ಪಕ್ಕೆಯ ಮೇಲೆ 'ಮ್ಯಾಕ್ಸ್' ಅಂತ ಬರೆದಿರೋದು ಮೀರಬಾರದ ಮಿತಿ. ಅಲ್ಲೀವರೆಗೆ ತುಂಬಿಸಿ ಅಂತ ಅರ್ಥ ಅಲ್ಲ. ಸೈಕಲ್, ಬ್ಯಾಗ್, ನೀವು ಸೇರಿ 85-90 ಕೆ.ಜಿ. ಇದ್ರೆ 40 ಮಿ.ಮೀ. ಟಯರಿಗೆ ಹಿಂದೆ 45, ಮುಂದೆ 40 ಪಿಎಸ್‌ಐಯಿಂದ ಶುರು ಮಾಡಿ. 50 ಮಿ.ಮೀ. ಆದ್ರೆ ಹಿಂದೆ 35, ಮುಂದೆ 30. ಟಯರ್ ಮೇಲೆ ಕನಿಷ್ಠ ಮಿತಿ ಬರೆದಿದ್ರೆ ಅದಕ್ಕಿಂತ ಕೆಳಗೆ ಇಳಿಸಬೇಡಿ. ಗುಂಡಿಯಲ್ಲಿ ರಿಮ್ ಟಣ್ ಅಂದ್ರೆ, ತಿರುವಿನಲ್ಲಿ ಹಿಂಭಾಗ ತೂರಾಡಿದ್ರೆ, 5 ಏರಿಸಿ. ಮೀಟರ್ ಇರೋ ಒಂದು ಪಂಪ್ ಮನೆಯಲ್ಲಿರಲಿ. ಹೆಬ್ಬೆರಳಲ್ಲಿ ಒತ್ತಿ 'ಸಾಕು' ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಟಯರಿಗಿಂತ ಹೆಚ್ಚು ಪಳಗಬೇಕಾಗಿರೋದು ನಾವು. ಮೊದಲ ವಾರ ಸೈಕಲ್ ನಿಧಾನ ಆಯ್ತು ಅಂತ ಅನ್ಸುತ್ತೆ. ಕೈಗೆ ಬರ್ತಿದ್ದ ಝುಮ್ ಅನ್ನೋ ನಡುಕವನ್ನೇ ನಾವು ಸ್ಪೀಡ್ ಅಂದ್ಕೊಂಡಿರ್ತೀವಿ. ಅದು ನಿಂತ ಕೂಡಲೇ ಏನೋ ಕಳಕೊಂಡ ಹಾಗೆ. ಆಗ ಮತ್ತೆ ಪಂಪ್ ಹಿಡಿದು ಗಾಳಿ ತುಂಬಿಸಬೇಡಿ. ಎರಡು ವಾರ ಗಡಿಯಾರ ನೋಡಿ ಓಡಿಸಿ, ಅದೇ ದಾರಿ, ಅದೇ ಹೊತ್ತು. ಆಮೇಲೆ ತೀರ್ಮಾನ ಮಾಡಿ.

ದಪ್ಪ ಟಯರಿನ ಮೇಲೂ ದೂರು ಇದೆ. ತೂಕ ಸ್ವಲ್ಪ ಜಾಸ್ತಿ, ಸಿಗ್ನಲ್ಲಿಂದ ಹೊರಡುವಾಗ ಒಂಚೂರು ಗೊತ್ತಾಗುತ್ತೆ. ಮೊಳೆಗೆ ಟಯರ್ ದಪ್ಪವೋ ತೆಳುವೋ ಲೆಕ್ಕಕ್ಕಿಲ್ಲ, ಚುಚ್ಚೇ ಚುಚ್ಚುತ್ತೆ. ಆದ್ರೆ ಗುಂಡಿಯ ಅಂಚಿಗೆ ಬಡಿದು, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಎರಡು ತೂತಾಗೋ ಪಂಕ್ಚರ್ ಬಹಳ ಕಮ್ಮಿಯಾಗುತ್ತೆ. ಚರಂಡಿ ಜಾಲರಿಯ ಸಂದಿಗೆ, ಕಾಂಕ್ರೀಟ್ ಬಿರುಕಿಗೆ ಚಕ್ರ ಇಳಿದು ಮುಖ ಅಡಿಯಾಗಿ ಬೀಳೋ ಭಯವೂ ಕಮ್ಮಿ. ನನಗೆ ಇದೊಂದೇ ಕಾರಣ ಸಾಕು.

ಗುಂಡಿ ಮುಚ್ಚೋದು ನಗರದವರ ಕೆಲಸ, ಅದನ್ನ ಕೇಳ್ತಾನೇ ಇರೋಣ. ದಪ್ಪ ಟಯರ್ ಹಾಕಿಸಿದ್ವಿ ಅಂತ ಆ ಬಾಕಿ ಮನ್ನಾ ಆಗಲ್ಲ. ಆದ್ರೆ ರಸ್ತೆ ಸರಿಹೋಗೋ ತನಕ ಸೈಕಲ್ ಬಾಲ್ಕನಿಯಲ್ಲಿ ಕಾಯಬೇಕಾಗಿಲ್ಲ.

ನಿಮ್ಮ ಟಯರಿನ ನಂಬರ್ ಎಷ್ಟು, ಗಾಳಿ ಎಷ್ಟು ಇಡ್ತೀರಿ? ಕಾಮೆಂಟಲ್ಲಿ ಬರೀರಿ. ಹೊಸದಾಗಿ ಸೈಕಲ್ ತಗೊಳ್ತಿರೋ ಗೆಳೆಯರಿಗೆ ಕಳಿಸಿ.

#ಸೈಕಲ್ #ದಿನಾಸೈಕಲ್ #ದಪ್ಪಟಯರ್ #ಬೆಂಗಳೂರುರಸ್ತೆ #ಕನ್ನಡ