ಕಾಗೆ ಬಂಗಾರಕ್ಕೂ ಒಂದು ಫೋಟೊ ಬೇಕು

ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆ ಯಾರದಾದರೂ ಹೊಲದಲ್ಲಿ ಬೋರ್‌ವೆಲ್ ಲಾರಿ ನಿಂತಿತೆಂದರೆ ಸಾಕು, ಅರ್ಧ ಊರು ಅಲ್ಲಿ ಸೇರುತ್ತದೆ. ಗಂಗಮ್ಮ ಬರುತ್ತಾಳೋ ಇಲ್ಲವೋ ಎಂಬ ಆತಂಕ ಹೊಲದವನಿಗೆ. ಉಳಿದವರಿಗೆ ಕೊಳವೆಯಿಂದ ಹಾರಿ ಬರುವ ಬೂದಿಯಂಥ ಪುಡಿ ನೋಡುವ ಚಪಲ. ಪುಡಿಯಲ್ಲಿ ಏನಾದರೂ ಮಿಂಚಿತೋ, ಮುಗಿಯಿತು ಕಥೆ. ‘ಹಳದಿ ಹೊಳೀತೈತೆ ಕಣಣ್ಣ, ಬಂಗಾರ ಇದ್ರೂ ಇರಬೌದು’ ಎಂದು ಒಬ್ಬ. ‘ಸುಮ್ನಿರೋ, ಯಾರ ಮುಂದೇನೂ ಬಾಯಿ ಬಿಡಬ್ಯಾಡ’ ಎಂದು ಇನ್ನೊಬ್ಬ. ಸಂಜೆ ಬಸ್ಸು ಧರ್ಮಪುರ ಮುಟ್ಟುವ ಹೊತ್ತಿಗೆ ಸುದ್ದಿ ಬಸ್ಸಿಗಿಂತ ಮುಂದೆ ಹೋಗಿರುತ್ತದೆ.

ಆ ಹೊಳಪು ಬಹುಪಾಲು ಅಭ್ರಕ. ನಮ್ಮ ಹಿರಿಯರು ಅದಕ್ಕೆ ‘ಕಾಗೆ ಬಂಗಾರ’ ಎಂದು ಹೆಸರಿಟ್ಟು ಎಂದೋ ತೀರ್ಪು ಕೊಟ್ಟಿದ್ದಾರೆ. ಒಮ್ಮೊಮ್ಮೆ ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಲೋಕವೆಲ್ಲ ಅದನ್ನು ‘ಮೂರ್ಖರ ಚಿನ್ನ’ ಎನ್ನುತ್ತದೆ. ಆದರೆ ಆಸೆ ಎಂಬುದು ತೀರ್ಪು ಕೇಳುವುದಿಲ್ಲ. ಚಿತ್ರದುರ್ಗ ಶಿಲಾಪಟ್ಟಿಯ ಬೆಳ್ಳಾರ, ಅಜ್ಜನಹಳ್ಳಿಗಳಲ್ಲಿ ನಿಜವಾದ ಚಿನ್ನ ಸಿಕ್ಕಿದ್ದು ಜನರಿಗೆ ಗೊತ್ತು. ನಿಧಿಯಾಸೆಗೆ ಹಳೇ ಗುಡಿ ಅಗೆದ ಸುದ್ದಿಯೂ ಈ ಜಿಲ್ಲೆಗೆ ಹೊಸದಲ್ಲ. ‘ಕಲ್ಲು ಪರೀಕ್ಷೆ ಮಾಡಿಸಿಕೊಡ್ತೀನಿ, ಖರ್ಚಿಗೆ ಒಂದಿಷ್ಟು ಕೊಡಿ’ ಎನ್ನುವ ಮಹಾಶಯರಿಗೆ ಇದಕ್ಕಿಂತ ಒಳ್ಳೆಯ ಪೈರು ಬೇಕೆ?

ಈ ಗಾಳಿಸುದ್ದಿಗೆ ಮದ್ದು ದೂರದಲ್ಲೇನೂ ಇಲ್ಲ. ದೊಡ್ಡ ಊರುಗಳ ಮೊಬೈಲ್ ರಿಪೇರಿ ಅಂಗಡಿಗಳಿಗೆ ಹೋಗಿ ನೋಡಿ. ಸಾಸಿವೆಗಿಂತ ಸಣ್ಣ ಬೆಸುಗೆ ಹಾಕಲು ಅಲ್ಲಿನ ಹುಡುಗ ಎರಡು ಕಣ್ಣಿನ ಒಂದು ಯಂತ್ರಕ್ಕೆ ಮುಖವಿಟ್ಟು ಕೂತಿರುತ್ತಾನೆ. ಅದೇ ಸ್ಟೀರಿಯೊ ಮೈಕ್ರೋಸ್ಕೋಪು. 1890ರ ದಶಕದಲ್ಲಿ ಅಮೆರಿಕದ ಗ್ರೀನೋ ಎಂಬ ಜೀವವಿಜ್ಞಾನಿ ಕೊಟ್ಟ ಸಲಹೆಯ ಮೇಲೆ ಜರ್ಮನಿಯ ಝೈಸ್ ಕಂಪನಿ ತಯಾರಿಸಿದ ಉಪಕರಣದ ವಂಶ ಅದು. ಎರಡೂ ಕಣ್ಣಿಗೆ ಬೇರೆ ಬೇರೆ ಕೋನದಿಂದ ನೋಟ ಸಿಗುವುದರಿಂದ ವಸ್ತುವಿನ ಉಬ್ಬು ತಗ್ಗು ಕಾಣುತ್ತದೆ. ಸಾಧಾರಣ ಯಂತ್ರ 7ರಿಂದ 45 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಕಲ್ಲನ್ನು ಕೊಯ್ಯಬೇಕಿಲ್ಲ, ಅರೆಯಬೇಕಿಲ್ಲ. ಇದ್ದ ಹಾಗೇ ಕೆಳಗಿಟ್ಟರೆ ಆಯಿತು.

ಅದರಡಿ ನೋಡಿದರೆ ಕಾಗೆ ಬಂಗಾರದ ಬಣ್ಣ ಬಯಲು. ಅಭ್ರಕ ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಕಾಣುತ್ತದೆ. ಪೈರೈಟ್ ಪುಟ್ಟ ಪುಟ್ಟ ದಾಳಗಳಂತೆ, ಮೈಮೇಲೆ ಗೀರು ಗೀರಾಗಿ ಕಾಣುತ್ತದೆ. ಸೂಜಿ ಮೊನೆಯಿಂದ ಒತ್ತಿದರೆ ಚಿನ್ನ ತಗ್ಗುತ್ತದೆ, ಪೈರೈಟ್ ಪುಡಿಯಾಗುತ್ತದೆ, ಅಭ್ರಕ ಎದ್ದು ಬರುತ್ತದೆ. ಐದು ನಿಮಿಷದ ಕೆಲಸ.

ಆದರೆ ಒಬ್ಬ ನೋಡಿ ಹೇಳಿದ್ದನ್ನು ಇನ್ನೊಬ್ಬ ನಂಬಬೇಕಲ್ಲ? ಅದಕ್ಕೇ ಫೋಟೊ. ಇದೇನೂ ಸ್ಟುಡಿಯೋದವರ ವಿದ್ಯೆಯಲ್ಲ. ಮೊಬೈಲನ್ನು ಯಂತ್ರದ ಒಂದು ಕಣ್ಣಿಗೆ ಅಲುಗಾಡದಂತೆ ಕಟ್ಟಿದರೆ ಚಿತ್ರ ಬರುತ್ತದೆ. ತೊಡಕು ಎರಡೇ. ಮೊದಲನೆಯದು ಬೆಳಕು. ಬಲ್ಬಿನ ಬೆಳಕು ನೇರ ಬಿದ್ದರೆ ಹೊಳೆಯುವ ಖನಿಜ ಕಣ್ಣು ಕುಕ್ಕಿ, ಬಿಳಿ ಕಲೆ ಬಿಟ್ಟು ಬೇರೇನೂ ಕಾಣದು. ನಡುವೆ ಒಂದು ಟ್ರೇಸಿಂಗ್ ಪೇಪರು ಅಡ್ಡ ಹಿಡಿದರೆ ಬೆಳಕು ಮೆತ್ತಗಾಗುತ್ತದೆ. ಎರಡನೆಯದು ಆಳ. ಹೆಚ್ಚು ದೊಡ್ಡದು ಮಾಡಿದಷ್ಟೂ ಒಂದು ತೆಳು ಪದರ ಮಾತ್ರ ಸ್ಪಷ್ಟ, ಮೇಲೆ ಕೆಳಗೆಲ್ಲ ಮಸುಕು. ಅದಕ್ಕೆ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತ ಇಪ್ಪತ್ತು ಮೂವತ್ತು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿ ಸೇರಿಸುತ್ತಾರೆ. ಆಗ ಕಲ್ಲು ತುದಿಯಿಂದ ಬುಡದವರೆಗೂ ಸ್ಪಷ್ಟ. ಟೇಬಲ್ಲು ಅಲುಗಬಾರದು. ರಸ್ತೆ ಪಕ್ಕದ ಕಟ್ಟಡವಾದರೆ ಬಸ್ಸು ಹೋಗುವತನಕ ಕಾಯಬೇಕು, ಅಷ್ಟೇ.

ಮುಖ್ಯವಾದ್ದು ಇನ್ನೊಂದಿದೆ. ಫೋಟೊ ಜೊತೆ ಮಿಲಿಮೀಟರು ಪಟ್ಟಿ ಇರಬೇಕು. ಯಾವ ಊರು, ಯಾರ ಹೊಲ, ಎಷ್ಟನೇ ಅಡಿ, ಯಾವ ತಾರೀಖು ಎಂಬ ಚೀಟಿ ಇರಬೇಕು. ವಿಳಾಸವಿಲ್ಲದ ಕಾಗದ ಅಂಚೆಯಣ್ಣನಿಗೆ ಹೇಗೋ, ವಿಳಾಸವಿಲ್ಲದ ಕಲ್ಲೂ ಹಾಗೆಯೇ. ಅದು ಜಲ್ಲಿ, ಸಾಕ್ಷಿಯಲ್ಲ.

‘ಸ್ವಾಮಿ, ಕುಡಿಯೋ ನೀರಿಗೇ ತತ್ವಾರ. ಕಲ್ಲಿನ ಫೋಟೊ ಇಟ್ಕೊಂಡು ಏನ್ ಮಾಡಾಣ?’ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಉತ್ತರವೂ ಆ ನೀರಿನಲ್ಲೇ ಇದೆ. ಕೊಳವೆಯಿಂದ ಬರುವ ಚೂರುಗಳ ಮೇಲೆ ತುಕ್ಕಿನ ಬಣ್ಣ ಕಂಡರೆ ಆ ಆಳದಲ್ಲಿ ಬಂಡೆ ಬಿರುಕು ಬಿಟ್ಟು ನೀರು ಓಡಾಡಿದ ಗುರುತು. ಚೂರು ಹೊಸದಾಗಿ ಒಡೆದಂತೆ ಚೊಕ್ಕವಾಗಿದ್ದರೆ ಅಲ್ಲಿ ಗಟ್ಟಿ ಬಂಡೆ. ಪ್ರತಿ ಕೆಲವು ಅಡಿಗೊಂದು ಹಿಡಿ ಪುಡಿ ಎತ್ತಿಟ್ಟು ಫೋಟೊ ತೆಗೆದರೆ ಆ ಹೊಲದ ನೆಲದೊಳಗಿನ ಜಾತಕ ಸಿಕ್ಕಂತೆ. ಮುಂದಿನ ಬೋರ್‌ವೆಲ್ ಕೊರೆಸುವ ಪಕ್ಕದ ಹೊಲದವನಿಗೆ ತೆಂಗಿನಕಾಯಿ ನಿಲ್ಲಿಸಿ ನೋಡುವುದಕ್ಕಿಂತ ಇದು ಮೇಲು. ಸಾಲ ಮಾಡಿ ನೂರಾರು ಅಡಿ ಕೊರೆಸಿದವನಿಗೆ ಈಗ ಉಳಿಯುವುದೇನು? ಬಿಲ್ಲು ಮತ್ತು ಬದುವಿನ ಮೇಲೆ ಒಂದು ಗುಡ್ಡೆ ಪುಡಿ. ಮೊದಲ ಮಳೆಗೆ ಅದೂ ಇಲ್ಲ.

ಇನ್ನೂ ಒಂದು ಮಾತು. ಹಿರಿಯೂರು, ಚಳ್ಳಕೆರೆ, ಪಕ್ಕದ ಪಾವಗಡದ ಕಡೆ ಅನೇಕ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಕುಡಿಯುವ ನೀರಿನ ನಿಯಮ. ದಾಟಿದರೆ ಮಕ್ಕಳ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಹಿಡಿಯುತ್ತದೆ. ಈ ಫ್ಲೋರೈಡ್ ಬರುವುದು ಬಂಡೆಯಿಂದಲೇ. ಅಪಟೈಟ್, ಫ್ಲೋರೈಟ್‌ಗಳ ಜೊತೆ ಕಪ್ಪು ಅಭ್ರಕದಲ್ಲೂ ಅದು ಅಡಗಿರುತ್ತದೆ. ಫೋಟೊ ನೋಡಿ ಫ್ಲೋರೈಡ್ ಅಳೆಯಲಾಗದು, ಅದಕ್ಕೆ ನೀರಿನ ಪರೀಕ್ಷೆಯೇ ಆಗಬೇಕು. ಆದರೆ ಯಾವ ಬೋರ್‌ವೆಲ್ಲಿನ ನೀರನ್ನು ಮೊದಲು ಪರೀಕ್ಷೆಗೆ ಕಳಿಸಬೇಕೆಂಬ ಅನುಮಾನವನ್ನಾದರೂ ಅದು ಹುಟ್ಟಿಸೀತು. ಚಿನ್ನವಲ್ಲವೆಂದು ಬಿಸಾಕಿದ ಕಾಗೆ ಬಂಗಾರವೇ ಮಕ್ಕಳ ಹಲ್ಲಿನ ಕಥೆ ಹೇಳಬಹುದು.

ಚಿತ್ರದುರ್ಗ ಜಿಲ್ಲೆಯ ಕಲ್ಲಿಗೆ ಲೋಕದಲ್ಲಿ ಮರ್ಯಾದೆ ಇದೆ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿ ಬಳಿ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾರಸ ದಿಂಬು ಜೋಡಿಸಿದಂತೆ ಗಟ್ಟಿಯಾಗಿ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. (ಅಲ್ಲಿ ಸುತ್ತಿಗೆ ಎತ್ತಬಾರದು, ಕ್ಯಾಮೆರಾ ಎತ್ತಬಹುದು.) ದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದು ನಿಂತಿತು. ಅಲ್ಲಿನ ಅದಿರಿನ ಹಿತ್ತಾಳೆ ಬಣ್ಣದ ಕ್ಯಾಲ್ಕೊಪೈರೈಟ್ ಅನ್ನು ಎಷ್ಟು ಶಾಲೆಯ ಮಕ್ಕಳು ಕಂಡಿದ್ದಾರೆ? ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದದ್ದು 1894ರಲ್ಲಿ. ನೂರು ವರ್ಷ ದಾಟಿದ ಮೇಲೂ, ಬಂಡೆಯ ಮೇಲೇ ಮನೆ ಕಟ್ಟಿಕೊಂಡ ಊರಿನ ಹುಡುಗನಿಗೆ ತನ್ನ ಕಾಲಡಿಯ ಕಲ್ಲಿನ ಹೆಸರು ಗೊತ್ತಿಲ್ಲವೆಂದರೆ ತಪ್ಪು ಹುಡುಗನದಲ್ಲ.

ಬೇಕಾದ್ದು ಬಹಳವಿಲ್ಲ. ಹೋಬಳಿಗೊಂದು ಹೈಸ್ಕೂಲಿನಲ್ಲಿ ಒಂದು ಸ್ಟೀರಿಯೊ ಮೈಕ್ರೋಸ್ಕೋಪು, ಒಂದು ಬೀರು, ಒಂದು ದಫ್ತರು. ಬೋರ್‌ವೆಲ್ ಕೊರೆಸುವ ರೈತ ಪುಡಿಯ ಪೊಟ್ಟಣ ಕೊಟ್ಟು ಹೋಗಲಿ. ವಿಜ್ಞಾನದ ಮೇಷ್ಟ್ರು ಮಕ್ಕಳಿಂದ ಫೋಟೊ ತೆಗೆಸಿ ಚೀಟಿ ಬರೆಸಲಿ. ಹೆಸರು ಹಿಡಿಯಲಾಗದ ಕಲ್ಲಿನ ಫೋಟೊವನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕಳಿಸಲಿ. ಸಭೆ ಸಮಾರಂಭದಲ್ಲಿ ಹಾರ ಶಾಲುಗಳಿಗೆ ಆಗುವ ಖರ್ಚನ್ನು ಒಂದು ವರ್ಷ ಉಳಿಸಿದರೂ ಪಂಚಾಯಿತಿಗೆ ಇದು ಭಾರವಲ್ಲ.

ಹಾಗಾದ ದಿನ ಹರಿಯಬ್ಬೆ ಬಸ್ಸಿನಲ್ಲಿ ‘ಬಂಗಾರ ಸಿಕ್ತಂತೆ’ ಎಂದು ಯಾರಾದರೂ ಪಿಸುಗುಟ್ಟಿದರೆ, ಹಿಂದಿನ ಸೀಟಿನ ಹೈಸ್ಕೂಲು ಹುಡುಗಿ ಮೊಬೈಲು ತೆಗೆದು ತೋರಿಸಿಯಾಳು: ‘ಇಲ್ಲ ಕಣಣ್ಣ, ಕಾಗೆ ಬಂಗಾರ. ನೋಡು, ನಾನೇ ಫೋಟೊ ತೆಗ್ದಿದ್ದು. ನಿಮ್ಮ ಬೋರ್ ನೀರು ಟೆಸ್ಟ್ ಮಾಡ್ಸಿದ್ರಾ?’